ಅಕ್ಸ್‌ಬ್ರಿಡ್ಜಿಗೆ ಒಯ್ದ ನೀರು

ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಏಳು ಗಂಟೆ. ಧಾರವಾಡ ಬಿಟ್ಟು ಎರಡು ದಿನವಾಗಿತ್ತು. ಮುಂಬೈವರೆಗೆ ಬಸ್ಸು, ಅಲ್ಲಿಂದ ಒಂಬತ್ತು ತಾಸಿನ ವಿಮಾನ. ಆ ಒಂಬತ್ತು ತಾಸೂ ನಾನು ಕಣ್ಣು ಮುಚ್ಚಲಿಲ್ಲ. ನಾನು ಎಚ್ಚರವಾಗಿದ್ದರೆ ವಿಮಾನ ಬೀಳುವುದಿಲ್ಲವೆಂದು ನನ್ನ ಲೆಕ್ಕ. ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ಇಂಥ ಲೆಕ್ಕ ಹಾಕಬಾರದು. ಆದರೂ ಹಾಕುತ್ತೇನೆ. ನನ್ನ ಸ್ವಭಾವವೇ ಅಂಥದ್ದು: ಹಾಲು ಉಕ್ಕುವ ಮೊದಲೇ ಉಕ್ಕೀತೆಂದು ಒಲೆ ಆರಿಸಿಬಿಡುವ ಪೈಕಿ.

ಅದು ೨೦೦೩ರ ಮೇ ತಿಂಗಳು. ನಮ್ಮಲ್ಲಿ ಮೇ ಎಂದರೆ ನೆತ್ತಿ ಸುಡುವ ಬಿಸಿಲು. ಲಂಡನ್ನಿನಲ್ಲಿ ಶಾಲು ಹೊದ್ದರೂ ಹಲ್ಲು ಕಟಕಟ ಎನ್ನುತ್ತಿದ್ದವು. ತಂಗಿ ಸುಮಾ ಮತ್ತು ಅವಳ ಗಂಡ ಕಾರು ತಂದಿದ್ದರು. ಕೊಲಿಂಡೇಲ್‌ನಲ್ಲಿ ಅವರ ಮನೆ. ಅಲ್ಲಿನ ಮುನ್ಸಿಪಾಲಿಟಿಯವರು ಎಂದೋ ಕಟ್ಟಿಸಿದ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ಮೊದಲನೆಯ ಮಹಡಿಯ ಫ್ಲ್ಯಾಟು ಇವರದು. ಕೆಳಗಿನ ಫ್ಲ್ಯಾಟಿಗೂ ಇವರದಕ್ಕೂ ಸೇರಿ ಬೀದಿಯ ಬಾಗಿಲು ಒಂದೇ, ಹೊಸ್ತಿಲೂ ಒಂದೇ. ಈ ಹೊಸ್ತಿಲೇ ನನ್ನನ್ನು ಕೆಡಿಸಿದ್ದು.

"ಅಕ್ಕಾ, ಕೆಳಗಿನ ಮನಿಯವ್ರು ಬೋಸ್ನಿಯಾದವ್ರು. ತಾಯಿ-ಮಗ ಇಬ್ಬರ. ಮಗಾ ರ‍್ಯಾಪ್ ಹಾಡ್ತಾನ. ಗದ್ದಲಾ ಆದ್ರ ಹೋಗಿ ಬೈಬ್ಯಾಡ ಮತ್ತ," ಎಂದು ಸುಮಾ ಮೊದಲೇ ತಾಕೀತು ಮಾಡಿದಳು.

"ರ‍್ಯಾಪ್ ಅಂದ್ರ?"

"ಹಾಡೂ ಅಲ್ಲ, ಮಾತೂ ಅಲ್ಲ. ತಾಳಕ್ಕ ಸರಿಯಾಗಿ ಜಗಳಾ ಆಡಿದಂಗ."

"ನಮ್ಮ ಗೀಗೀ ಮ್ಯಾಳದವ್ರು ಸವಾಲ್ ಜವಾಬ್ ಮಾಡೂದಿಲ್ಲೇನು, ಹಂಗ?"

"ಹಂಗ ಅನ್ಕೋ. ಆದ್ರ ಪ್ಯಾಂಟು ಸಡಲ ಇರ್ತದ."

ಹುಡುಗನ ಹೆಸರು ಅದ್ನಾನ್, ಇಪ್ಪತ್ತೊಂದು ವರ್ಷ. ಮೂರನೆಯ ದಿನ ಸುಮಾಳ ಅಕ್ಕಿಚೀಲ ಹೊತ್ತು ಮೇಲೆ ತಂದುಕೊಟ್ಟ. ಪ್ಯಾಂಟು ನಿಜಕ್ಕೂ ಸಡಿಲವಾಗಿತ್ತು. ಚಪಾತಿ, ಬದನೆಕಾಯಿ ಎಣ್ಣೆಗಾಯಿ ಕೊಟ್ಟೆ. ಖಾರಕ್ಕೆ ಕಣ್ಣೀರು ಸುರಿಸುತ್ತ ನಾಲ್ಕು ಚಪಾತಿ ತಿಂದ. ಹೀಗೆ ಬಂದು ಹೋಗಿ ಮಾಡುತ್ತ ಅವನ ಕಥೆ ತುಣುಕು ತುಣುಕಾಗಿ ಸಿಕ್ಕಿತು.

ಸರಾಯೆವೊ ನಗರದವನು. ಯುದ್ಧದ ಕಾಲದಲ್ಲಿ, ಹನ್ನೊಂದು ವರ್ಷದವನಿದ್ದಾಗ, ತಾಯಿಯೊಡನೆ ಇಲ್ಲಿಗೆ ನಿರಾಶ್ರಿತನಾಗಿ ಬಂದ. ಶಾಲೆಯಲ್ಲಿ ಒಂದು ವರ್ಷ ಬಾಯೇ ಬಿಡಲಿಲ್ಲವಂತೆ. ಮಾಸ್ತರರು ಇವನಿಗೆ ಮಾತು ಬಾರದೆಂದೇ ತಿಳಿದಿದ್ದರು. ಆಮೇಲೆ ಪಕ್ಕದ ಬೆಂಚಿನ ಗೆಳೆಯನೊಬ್ಬ ವಾಕ್‌ಮನ್ ಕಿವಿಗಿಟ್ಟ. ಉಸಿರು ತೆಗೆದುಕೊಳ್ಳದೆ ಮಾತಾಡುವವರನ್ನು ಕೇಳಿ ಇವನಿಗೂ ಮಾತು ಬಂತು. ಹದಿನಾರಕ್ಕೆ ಬರ್ಂಟ್ ಓಕ್‌ನ ಯುವಕರ ಕ್ಲಬ್ಬಿನಲ್ಲಿ ಮೈಕು ಹಿಡಿದ. ಇಂಗ್ಲಿಷಿನಲ್ಲಿ ಹೇಳಿದರೆ ಉಚ್ಚಾರಕ್ಕೆ ನಕ್ಕರು. ತನ್ನ ಭಾಷೆಯಲ್ಲಿ ಹೇಳಿದ. ಯಾರಿಗೂ ತಿಳಿಯಲಿಲ್ಲ, ಯಾರೂ ನಗಲೂ ಇಲ್ಲ. ಅಂದಿನಿಂದ ಅದೇ ಭಾಷೆ. ಅಡುಗೆಮನೆಯ ಕಿಟಕಿಗೆ ರಜಾಯಿ ಕಟ್ಟಿ ಮೊದಲ ಕ್ಯಾಸೆಟ್ ಮಾಡಿದ. ನಲವತ್ತು ಪ್ರತಿಗಳನ್ನು ಬೋಸ್ನಿಯಾಕ್ಕೆ ಹೋಗುವ ಬಸ್ಸಿನ ಡ್ರೈವರನ ಕೈಯಲ್ಲಿ ಕಳಿಸಿದ. ಅಲ್ಲಿನ ರೇಡಿಯೊದಲ್ಲಿ ಯಾರೋ ಹಾಕಿದರು, ಟ್ಯಾಕ್ಸಿಯವರು ನಕಲು ಮಾಡಿಕೊಂಡರು, ಎರಡು ವರ್ಷ ಕಳೆಯುವುದರೊಳಗೆ ಸೀಡಿಯೂ ಬಂತು. ಹಾಡುವಾಗ ಅವನ ಹೆಸರು 'ಕೊಮ್ಶಿಯಾ'. ಅವರ ಮಾತಿನಲ್ಲಿ ನೆರೆಮನೆಯವನು ಎಂದರ್ಥ. ಅಲ್ಲಿ ಅಷ್ಟು ಹೆಸರಿದ್ದರೂ ಇಲ್ಲಿ ಹಗಲೆಲ್ಲ ಟಯರ್ ಅಂಗಡಿಯಲ್ಲಿ ಕೆಲಸ.

ಈಗ ಸರಾಯೆವೊದಿಂದ ಮೊದಲ ಕರೆ ಬಂದಿತ್ತು. ಹತ್ತು ವರ್ಷಗಳ ಮೇಲೆ ಹುಟ್ಟಿದೂರಿಗೆ ಹೋಗುವವನಿದ್ದ. ಶನಿವಾರ ಮಧ್ಯಾಹ್ನ ಅಕ್ಸ್‌ಬ್ರಿಡ್ಜಿನಲ್ಲಿ ಕಾಲೇಜು ಹುಡುಗರ ಕಾರ್ಯಕ್ರಮದಲ್ಲಿ ಹಾಡಿ, ನಾಲ್ಕೂವರೆಗೆ ಅಲ್ಲಿಂದಲೇ ಗೆಳೆಯರ ವ್ಯಾನಿನಲ್ಲಿ ಹೀಥ್ರೂ, ವಿಯೆನ್ನಾ ಮೂಲಕ ಸರಾಯೆವೊ. ತಾಯಿ ಮುನೀರಾ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು. ಆ ಊರಿಗೆ ಮಾತ್ರ ತಾನು ಕಾಲಿಡಲಾರೆ ಎಂದಿದ್ದಳು. ಮಗನ ಹಾಡನ್ನೂ ಅವಳು ಕೇಳುತ್ತಿರಲಿಲ್ಲ. ಅವನು ಹಾಡಿದಾಗ ವಾಕ್ಯೂಮ್ ಕ್ಲೀನರ್ ಹಚ್ಚುತ್ತಿದ್ದಳು.

ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರು. ಸುಮಾ ಕಿಂಗ್ಸ್‌ಬರಿಯ ಔಷಧಿ ಅಂಗಡಿಗೆ ಕೆಲಸಕ್ಕೆ ಹೋಗಿದ್ದಳು, ಅವಳ ಗಂಡ ಪರಊರಿನಲ್ಲಿದ್ದ. ಕಸದ ಚೀಲ ಹಿಡಿದು ನಾನು ಮೆಟ್ಟಿಲಿಳಿಯುತ್ತಿದ್ದೆ. ಅದ್ನಾನ್ ಹೆಗಲಿಗೆ ಚೀಲ ಹಾಕಿಕೊಂಡು ಹೊರಗೆ ಹೆಜ್ಜೆಯಿಟ್ಟ. ಮುನೀರಾ ಅವನ ಬೆನ್ನ ಹಿಂದೆಯೇ ಬಂದು, ದೊಡ್ಡ ಲೋಟದ ತುಂಬ ಇದ್ದ ನೀರನ್ನು ಹೊಸ್ತಿಲ ಮೇಲೆ ದಬದಬ ಸುರಿದು ಒಳಗೆ ಹೋದಳು.

ನನ್ನ ಎದೆ ಧಸಕ್ಕೆಂದಿತು. ಮನುಷ್ಯ ಹೊರಬಿದ್ದ ಕೂಡಲೇ ಹೊಸ್ತಿಲಿಗೆ ನೀರು ಹಾಕುವುದು ನಮ್ಮಲ್ಲಿ ಯಾವಾಗ? ಹೆಣ ಎತ್ತಿದ ಮೇಲೆ. ಊರಿಗೆ ಹೋದವರು ಮುಟ್ಟಿದ ಸುದ್ದಿ ಬರುವವರೆಗೆ ನಮ್ಮವ್ವ ಕಸಬರಿಗೆ ಕೂಡ ಮುಟ್ಟುತ್ತಿರಲಿಲ್ಲ. ಇದ್ದೊಬ್ಬ ಮಗನ ಹಿಂದೆ ಈ ಮಹಾತಾಯಿ ಬಾಗಿಲು ತೊಳೆಯುತ್ತಾಳಲ್ಲ! ಪಾಪ, ತಿಳಿಯದೆ ಮಾಡಿದ್ದಾಳೆ, ತಿಳಿದವಳು ನಾನಿದ್ದೇನೆ ಎಂದುಕೊಂಡೆ. ಕಸದ ಚೀಲ ಅಲ್ಲೇ ಬಿಟ್ಟು, ಮೇಲಿಂದ ಹಳೆಯ ಟವೆಲ್ ತಂದು, ಮೊಣಕಾಲೂರಿ ಕೂತು ಹೊಸ್ತಿಲನ್ನು ಹನಿ ಉಳಿಯದಂತೆ ಒರೆಸಿದೆ. ಒಂದು ಗಳಿಗೆ ಒಳಗೆ ಕೂತು ಹೋಗು ಎನ್ನೋಣವೆಂದು ಬೀದಿ ನೋಡಿದೆ. ಅವನು ಆಗಲೇ ತಿರುವು ದಾಟಿದ್ದ.

ಹಿಂತಿರುಗಿದರೆ ಮುನೀರಾ ನಿಂತಿದ್ದಾಳೆ. ನನ್ನ ಕೈಯ ಟವೆಲ್ ನೋಡಿದಳು, ಒಣಗಿದ ಹೊಸ್ತಿಲು ನೋಡಿದಳು. ಮುಖದ ರಕ್ತವೆಲ್ಲ ಇಳಿದುಹೋಯಿತು. ಮೆಟ್ಟಿಲ ಮೇಲೆ ಕುಸಿದು ಕೂತಳು.

ನಾನು ಮೇಲೋಡಿ ಸುಮಾಳಿಗೆ ಫೋನ್ ಮಾಡಿದೆ.

"ಅಯ್ಯ ಅಕ್ಕಾ! ಅವ್ರಲ್ಲೆ ಹೊಂಟವ್ರ ಹಿಂದ ನೀರು ಹಾಕ್ತಾರ. ನೀರು ಹರದಂಗ ಹಾದಿ ಸುಗಮ ಆಗ್ಲಿ, ಹೋದಾವ ತಿರುಗಿ ಬರ್ಲಿ ಅಂತ. ಅದನ್ನ ಒರಸೇಬಿಟ್ಟೇನು? ನಿನ್ನ ಕೈ ಒಂದ್ ಕ್ಷಣಾ ಸುಮ್ನ ಇರೂದಿಲ್ಲಲ್ಲ!"

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದರೆ ಇದೇ. ಕೆಳಗಿಳಿದು ಮುನೀರಾಳ ಪಕ್ಕ ಕೂತು ತಪ್ಪಾಯಿತೆಂದು ಕೈ ಹಿಡಿದೆ. ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಕುಂಟುವಂಥವು. ಅವಳು ಹೇಳಿದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತೇನೆ.

"ಅವನ ಅಪ್ಪ ಹೋದ ದಿನ ನಾನು ನೀರು ಹಾಕಿರಲಿಲ್ಲ," ಎಂದಳು. "ನಮ್ಮ ಊರಿಗೆ ಮುತ್ತಿಗೆ ಹಾಕಿದ್ದರು. ನಳದಲ್ಲಿ ನೀರು ಬಂದ್. ಅವನು ಡಬ್ಬಿ ತಗೊಂಡು ನೀರು ತರೋಕೇ ಹೋದದ್ದು. ಹಿಂದೆ ಹಾಕೋಕೆ ಮನೆಯಲ್ಲಿ ನೀರು ಎಲ್ಲಿತ್ತು? ಅವನು ಬರಲಿಲ್ಲ. ಇವತ್ತು ಮಗ ಅದೇ ಊರಿಗೆ ಹೊರಟಿದ್ದಾನೆ."

ನನಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಇದೆಲ್ಲ ನಂಬಿಕೆ, ಏನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. ಯಾವ ಬಾಯಿಂದ ಹೇಳಲಿ? ಆ ನೀರು ಒರೆಸಿದವಳೂ ಒಂದು ನಂಬಿಕೆಗೇ ಅಂಜಿ ಒರೆಸಿದ್ದಳು. ಮುನೀರಾ ಮಗನ ಮೊಬೈಲಿಗೆ ನಾಲ್ಕು ಸಲ ಕರೆ ಮಾಡಿದಳು. ಬಂದ್ ಆಗಿತ್ತು. ಆಮೇಲೆ ಎದ್ದು, ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ ಅಡುಗೆಮನೆಯ ನಳದ ನೀರು ತುಂಬಿ, ಕೋಟು ಹಾಕಿಕೊಂಡಳು.

"ಮನೆಯ ನೀರೇ ಆಗಬೇಕು. ಅವನು ಹತ್ತುವ ಮೊದಲು ಮುಟ್ಟಬೇಕು. ನೀನೂ ಬಾ."

ಅಲ್ಲಿಗೊಂದು ತೊಡಕಿತ್ತು. ಮುನೀರಾ ನೆಲದೊಳಗಿನ ರೈಲು ಹತ್ತುವುದಿಲ್ಲ. ಮುತ್ತಿಗೆಯ ಕಾಲದಲ್ಲಿ ತಿಂಗಳುಗಟ್ಟಲೆ ನೆಲಮಾಳಿಗೆಯಲ್ಲಿ ಕೂತವಳು. ಮತ್ತೆ ಸುಮಾಳಿಗೆ ಫೋನ್. "ಬಸ್ ಹಿಡದು ವೆಂಬ್ಲಿ ಪಾರ್ಕ್ ಸ್ಟೇಶನ್ನಿಗೆ ಹೋಗ್ರಿ. ಅಲ್ಲಿಂದ ಮೆಟ್ರೊಪಾಲಿಟನ್ ಲೈನಿನ ಟ್ಯೂಬ್ ರೈಲು ಅಕ್ಸ್‌ಬ್ರಿಡ್ಜ್ ತನಕಾ ನೆಲದ ಮ್ಯಾಲೇ ಹೋಗ್ತದ. ಅಕ್ಕಾ, ಸ್ಟಾಪ್ ನೋಡ್ಕೊಂಡು ಇಳಿ ಮತ್ತ. ಮಾತಿಗೆ ಕೂಡಬ್ಯಾಡ."

ಹೊರಟಾಗ ಹನ್ನೆರಡೂವರೆ. ಇಬ್ಬರಿಗೂ ದಿನದ ಟಿಕೆಟ್ ನಾನೇ ಕೊಂಡೆ. ಅವಳು ಬೇಡ ಎನ್ನಲಿಲ್ಲ. ಎರಡಂತಸ್ತಿನ ಬಸ್ಸು, ಕೆಳಗೇ ಕೂತೆವು. ಹಳೆಯ ಕ್ರೀಡಾಂಗಣ ಕೆಡವಿ ಹೊಸದು ಕಟ್ಟುತ್ತಿದ್ದರಿಂದ ರಸ್ತೆಯ ತುಂಬ ಲಾರಿಗಳು. ಬಸ್ಸು ಬಸವನ ಹುಳುವಿಗಿಂತ ನಿಧಾನ. ಮುನೀರಾ ಬಾಟಲಿಯನ್ನು ಎರಡೂ ಕೈಯಲ್ಲಿ ಮಡಿಲಲ್ಲಿ ಹಿಡಿದಿದ್ದಳು. ಅವಳನ್ನು ಸುಮ್ಮನೆ ಕೂಡಿಸಿದರೆ ಚಿಂತೆ ಹೆಚ್ಚೀತೆಂದು ನಾನು ನಮ್ಮೂರ ಸುದ್ದಿ ಹೇಳತೊಡಗಿದೆ. ವಾರಕ್ಕೊಮ್ಮೆ ನಳ ಬರುವುದು, ಕೊಡ ಸಾಲಿಗೆ ಹಚ್ಚಿ ಜಗಳಾಡುವುದು, ಬಂದ ನೀರನ್ನು ಹಂಡೆ ಚರಿಗೆ ಬಿಡದೆ ತುಂಬುವುದು. ಅವಳು ಮೊದಲ ಸಲ ನಕ್ಕಳು. "ನಾವೂ ಸಾಲಿಗೆ ಡಬ್ಬಿ ಇಟ್ಟು ಜಗಳಾಡ್ತಿದ್ದೆವು," ಎಂದಳು. ಅಷ್ಟರಲ್ಲಿ ಕಿಟಕಿಯಾಚೆ ಸೀರೆಯ ಅಂಗಡಿ, ಮಿಠಾಯಿ ಅಂಗಡಿ, ರಾಶಿ ಹಾಕಿದ ಮಾವಿನ ಪೆಟ್ಟಿಗೆ ಕಾಣಿಸಿದವು. ವೆಂಬ್ಲಿ ಪಾರ್ಕ್ ದಾಟಿ ಎಷ್ಟೋ ಹೊತ್ತಾಗಿ, ಬಸ್ಸು ಈಲಿಂಗ್ ರಸ್ತೆಯ ಬಾಯಿಗೆ ಬಂದಿತ್ತು.

ನನ್ನ ಬಾಯಿಗೆ ಬೆಂಕಿ ಬೀಳಲಿ! ಇಳಿದು ಗಡಿಯಾರ ನೋಡಿದರೆ ಎರಡು ಗಂಟೆಗೆ ಹತ್ತು ನಿಮಿಷ ಕಮ್ಮಿ. ಮುನೀರಾ ನನಗೆ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಮಾವು ಮಾರುತ್ತಿದ್ದ ಗುಜರಾತಿ ಅಜ್ಜನನ್ನು ನನ್ನ ಮುರುಕು ಹಿಂದಿಯಲ್ಲಿ ಕೇಳಿದೆ.

"ತಿರುಗಿ ಯಾಕೆ ಹೋಗ್ತೀರಿ ಬೆಹನ್‌ಜೀ?" ಎಂದ ಅವನು. "ಈ ರಸ್ತೆ ಹಿಡಿದು ನೇರ ನಡೆಯಿರಿ. ಆಲ್ಪರ್ಟನ್ ಸ್ಟೇಶನ್ ಬರ್ತದೆ. ಪಿಕಡಿಲಿ ರೈಲು ಅಲ್ಲಿಂದಲೂ ಅಕ್ಸ್‌ಬ್ರಿಡ್ಜಿಗೆ ಹೋಗ್ತದೆ."

"ನೆಲದೊಳಗೆ ಹೋಗ್ತದೋ ಮೇಲೋ?"

ಅವನು ಹುಚ್ಚಿಯನ್ನು ನೋಡುವಂತೆ ನನ್ನನ್ನು ನೋಡಿದ. "ಮೇಲೆ, ಮೇಲೆ. ಆಕಾಶ ಕಾಣ್ತದೆ."

ಒಂದೂವರೆ ಕಿಲೋಮೀಟರ್ ಆದೀತು. ಸೀರೆಯ ನೆರಿಗೆ ಎತ್ತಿ ಹಿಡಿದು ನಡೆದೆ, ಓಡಿದೆ ಎಂದರೂ ಸರಿ. ಸ್ಟೇಶನ್ನಿನ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಕಣ್ಣು ಕತ್ತಲೆ ಬಂತು. ಮುನೀರಾ ನೀರು ಕೊಟ್ಟಾಳೆಂದು ಬಾಟಲಿಯತ್ತ ನೋಡಿದೆ. ಅವಳು ಅದನ್ನು ಕೋಟಿನೊಳಗೆ ಸರಿಸಿಕೊಂಡಳು. ನನಗೇ ನಾಚಿಕೆಯಾಯಿತು.

ಅಜ್ಜ ಹೇಳಿದ್ದು ನಿಜ, ರೈಲು ಮೇಲೆಯೇ ಹೋಯಿತು. ಆದರೆ ನಾವು ಹತ್ತಿದ್ದು ರೇನರ್ಸ್ ಲೇನ್‌ಗೇ ನಿಲ್ಲುವ ರೈಲು. ಎಲ್ಲರೂ ಇಳಿಯಿರಿ ಎಂದರು. ಮುಂದಿನ ರೈಲಿಗೆ ಇಪ್ಪತ್ತು ನಿಮಿಷ. ಆ ಬಯಲು ಪ್ಲಾಟ್‌ಫಾರ್ಮಿನ ಚಳಿಗಾಳಿಯಲ್ಲಿ ಕೂತ ಇಪ್ಪತ್ತು ನಿಮಿಷ ನನ್ನ ಆಯುಷ್ಯದಲ್ಲೇ ಎಲ್ಲಕ್ಕಿಂತ ಉದ್ದ. ಮುನೀರಾ ತುಟಿಯಲ್ಲೇ ಪ್ರಾರ್ಥನೆ ಹೇಳುತ್ತಿದ್ದಳು. ನಾನು ಮನಸ್ಸಿನಲ್ಲೇ ಮುರುಘಾಮಠದ ಅಪ್ಪಗಳಿಗೆ ಕಾಯಿ ಹರಕೆ ಹೊತ್ತೆ. ಆ ಹುಡುಗನಿಗೆ ಏನಾದರೂ ಆದರೆ ಈ ಹೆಂಗಸು ಜೀವಮಾನವಿಡೀ ನನ್ನ ಟವೆಲನ್ನೇ ನೆನೆಯುತ್ತಾಳೆ, ನಾನೂ ನೆನೆಯುತ್ತೇನೆ. ಇದೊಂದೇ ಯೋಚನೆ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು.

ಅಕ್ಸ್‌ಬ್ರಿಡ್ಜ್ ಕೊನೆಯ ನಿಲ್ದಾಣ. ಕೇಳುತ್ತ ಕೇಳುತ್ತ ಸಭಾಂಗಣ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬಾಗಿಲಲ್ಲಿ ನಿಂತ ಕಾವಲಿನವನು ನಮ್ಮನ್ನು ತಡೆದ. ಹೊರಗಿನ ಬಾಟಲಿ ಒಳಗೆ ಬಿಡುವುದಿಲ್ಲ, ಈ ಬುಟ್ಟಿಗೆ ಹಾಕಿ ಎಂದ.

"ಬರೀ ನೀರಪ್ಪಾ," ಎಂದೆ ನಾನು.

"ಒಳಗೆ ನೀರು ಸಿಗ್ತದೆ ಅಮ್ಮಾ."

ಮುನೀರಾ ಬಾಟಲಿಯನ್ನು ಎದೆಗವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಮುಖ ನೋಡಿ ಅವನಿಗೇ ಏನೆನ್ನಿಸಿತೋ, ಹಾಡುವವರ ವ್ಯಾನು ಕಟ್ಟಡದ ಹಿಂದೆ ನಿಲ್ಲುತ್ತದೆ, ಅಲ್ಲಿ ಕಾಯಿರಿ ಎಂದ. ಹೋದೆವು. ಬಿಳಿ ವ್ಯಾನು ಇನ್ನೂ ಅಲ್ಲೇ ಇತ್ತು. ನನ್ನ ಹೋದ ಜೀವ ಬಂತು.

ಗೋಡೆಯಾಚೆ ಡೋಲಿನಂಥ ಸದ್ದು ನೆಲ ನಡುಗಿಸುತ್ತಿತ್ತು. ಮೇಲೊಂದು ಸಣ್ಣ ಕಿಟಕಿ ತೆರೆದಿತ್ತು. ಅದರಿಂದ ಅದ್ನಾನನ ದನಿ ಬಂತು. ಮನೆಯಲ್ಲಿ ಚಪಾತಿ ತಿನ್ನುವ ಹುಡುಗನ ದನಿಯಲ್ಲ ಅದು. ಒಂದೊಂದು ಮಾತೂ ಕಲ್ಲು ಒಡೆದ ಹಾಗೆ. ಇಲ್ಲಿ ವಾಕ್ಯೂಮ್ ಕ್ಲೀನರ್ ಇರಲಿಲ್ಲ. ಮುನೀರಾ ಗೋಡೆಗೆ ಒಂದು ಕೈ ಊರಿ ನಿಂತಳು. ಹಾಡಿನ ನಡುವೆ ವಾದ್ಯವೆಲ್ಲ ನಿಂತು ಅವನೊಬ್ಬನೇ ಒಂದೇ ಸಮನೆ ಏನೋ ಹೇಳತೊಡಗಿದ. ಮುನೀರಾ ಬಾಯಿಗೆ ಸೆರಗು ಒತ್ತುವಂತೆ ಸ್ಕಾರ್ಫು ಒತ್ತಿಕೊಂಡಳು.

"ಏನಂತಾನೆ?" ಎಂದು ಕೇಳಿದೆ.

"ಎಣಿಸ್ತಿದ್ದಾನೆ," ಎಂದಳು. "ಅಪ್ಪನ ಹೆಜ್ಜೆ. ಬಾಗಿಲಿಂದ ಬೀದಿಯ ತಿರುವಿನವರೆಗೆ. ಮೂವತ್ತೊಂದು, ಮೂವತ್ತೆರಡು. ಆಮೇಲೆ ಕಾಣಲಿಲ್ಲ ಅಂತಾನೆ. ಆ ದಿನ ಇವನು ಮಲಗಿದ್ದಾನೆ ಅಂದ್ಕೊಂಡಿದ್ದೆ. ಕಿಟಕಿಯಲ್ಲಿ ನಿಂತು ನೋಡ್ತಿದ್ದ ಅಂತ ಈವತ್ತಿನವರೆಗೂ ನನಗೆ ಗೊತ್ತಿರಲಿಲ್ಲ," ಎಂದಳು.

ಒಳಗೆ ಚಪ್ಪಾಳೆ, ಸಿಳ್ಳೆ. ನನಗೆ ಆ ಭಾಷೆಯ ಒಂದಕ್ಷರ ಬಾರದು, ಆದರೂ ಕಣ್ಣೀರು ತಡೆಯಲಾಗಲಿಲ್ಲ.

ಹಿಂದಿನ ಬಾಗಿಲು ತೆರೆದು ಅದ್ನಾನ್ ಬೆವರಿಳಿಸುತ್ತ ಬಂದ. ತಾಯಿಯನ್ನು ಕಂಡು ಬೆಚ್ಚಿದ. ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿದರು. ಅವನು ನನ್ನತ್ತ ತಿರುಗಿ ನೋಡಿದ, ನಗಲು ಹೋದವನು ತಾಯಿಯ ಮುಖ ನೋಡಿ ನಗಲಿಲ್ಲ. ಅವಳು ಅವನ ತಲೆ ಹಿಡಿದು ಹಣೆಗೆ ಮುತ್ತಿಟ್ಟಳು. ಗೆಳೆಯರು ಹಾರ್ನ್ ಹೊಡೆದರು. ಅವನು ಹತ್ತಿದ. ಆಗ ಮುನೀರಾ ಬಾಟಲಿಯನ್ನು ನನ್ನ ಕೈಗಿಟ್ಟಳು.

"ಒರೆಸಿದ ಕೈಯೇ ಹಾಕಬೇಕು."

ಇಂಥದೊಂದು ನಿಯಮ ಅವರಲ್ಲಿ ಇದೆಯೋ, ಅವಳೇ ಆಗ ಮಾಡಿದಳೋ ಇಂದಿಗೂ ತಿಳಿಯದು. ಬೆಳೆದ ಮಗ ಊರಿಗೆ ಹೊರಟಿದ್ದಾನೆ, ಅವನ ಬೆನ್ನಿಗೆ ನಾನು ನೀರು ಸುರಿಯಬೇಕು! ನಮ್ಮವ್ವ ಬದುಕಿದ್ದರೆ ನನ್ನ ಕೈ ಮುರಿಯುತ್ತಿದ್ದಳು. ವ್ಯಾನು ಕದಲಿತು. ಮುನೀರಾ ನನ್ನನ್ನೇ ನೋಡುತ್ತಿದ್ದಳು. ಮುಚ್ಚಳ ತಿರುಗಿಸಿದೆ. ಶಿವನೇ, ತಪ್ಪಾದರೆ ನನ್ನ ತಲೆಗೇ ಬರಲಿ ಎಂದು ವ್ಯಾನಿನ ಹಿಂದೆ ನಾಲ್ಕು ಹೆಜ್ಜೆ ಓಡಿ ಇಡೀ ಬಾಟಲಿ ಸುರಿದೆ. ಅರ್ಧ ನನ್ನ ಚಪ್ಪಲಿಯ ಮೇಲೆಯೇ ಬಿತ್ತು.

ಮನೆಗೆ ಮರಳುವಾಗ ಮುನೀರಾ ನನ್ನ ಹೆಗಲಿಗೆ ತಲೆಯಿಟ್ಟು ರೈಲಿನಲ್ಲಿ ನಿದ್ದೆ ಹೋದಳು. ನನಗೆ ನಿದ್ದೆ ಎಲ್ಲಿಯದು? ಅವಳ ಚಿಂತೆ ಇಳಿದಿತ್ತು, ನನ್ನದು ಈಗ ಹತ್ತಿತ್ತು.

ಅವನು ಮುಂದಿನ ಶನಿವಾರ ಬರಬೇಕಿತ್ತು. ಮಂಗಳವಾರ ಫೋನ್ ಮಾಡಿದ. ಸಭಾಂಗಣ ತುಂಬಿ ಜನ ಹೊರಗೆ ನಿಂತಿದ್ದರಂತೆ, ಇನ್ನೊಂದು ಕಾರ್ಯಕ್ರಮ ಮಾಡು ಎನ್ನುತ್ತಿದ್ದಾರಂತೆ, ಬರುವುದು ಮುಂದಿನ ಬುಧವಾರವಂತೆ. ಮುನೀರಾ ಸಂತೋಷಪಟ್ಟಳು. ನಾನು ಮಾತ್ರ ಕ್ಯಾಲೆಂಡರ್ ನೋಡಿದೆ. ನನ್ನ ಟಿಕೆಟ್ ಸೋಮವಾರದ್ದು. ಅವನು ಬಂದದ್ದನ್ನು ಕಣ್ಣಾರೆ ನೋಡದೆ ನಾನು ಹೊರಡಬೇಕಿತ್ತು.

ಸೋಮವಾರ ಕಾರಿಗೆ ಸಾಮಾನು ಏರಿಸಿದೆವು. ಮುನೀರಾ ಹೊಸ್ತಿಲಿಗೆ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಎರಡೂ ಕೈ ಖಾಲಿ ಇದ್ದವು. ನಮ್ಮಲ್ಲಿ ಹೊಸ್ತಿಲಿಗೆ ಯಾವಾಗ ನೀರು ಹಾಕುತ್ತಾರೆಂದು ಸುಮಾ ಅವಳಿಗೆ ಬಿಡಿಸಿ ಹೇಳಿದ್ದಳಂತೆ. ಹಾಕು, ನನಗೂ ಹಾಕು ಎಂದು ಹೇಳಬೇಕೆಂದು ಅನ್ನಿಸಿತು. ಹೇಳದೆಯೇ ಕಾರು ಹತ್ತಿದೆ. ಕಾರು ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಅವಳು ಹೊಸ್ತಿಲ ಮೇಲೆ ನಿಂತು ಕೈ ಬೀಸುತ್ತಿದ್ದಳು. ತಿರುವಿನವರೆಗೂ ಕಂಡಳು.

ಧಾರವಾಡ ಮುಟ್ಟಿ ಎರಡು ದಿನ ನಾನು ಫೋನಿನ ಬುಡ ಬಿಟ್ಟು ಏಳಲಿಲ್ಲ. ಗುರುವಾರ ಮಧ್ಯಾಹ್ನ ಗಂಟೆ ಬಾರಿಸಿತು.

"ಅಕ್ಕಾ, ತಡೀ, ಇಲ್ಲೊಬ್ರು ಮಾತಾಡ್ತಾರ," ಎಂದಳು ಸುಮಾ.

"ಬಂದ," ಎಂದಿತು ಮುನೀರಾಳ ದನಿ. "ನಿನ್ನೆ ಬಂದ. ಗಂಟಲು ಕಟ್ಟಿದೆ, ಮಲಗಿದ್ದಾನೆ. ನೀನು ಸುಖವಾಗಿ ಮುಟ್ಟಿದೆಯಾ?"

"ಮುಟ್ಟಿದೆ, ಮುಟ್ಟಿದೆ," ಎಂದೆ. ನೆಲದ ಮೇಲೆಯೇ ಕೂತುಬಿಟ್ಟಿದ್ದೆ.

"ಮುಟ್ಟಲೇಬೇಕು," ಎಂದಳು ಅವಳು. "ನಿನ್ನ ಹಿಂದೆಯೂ ನೀರು ಹಾಕಿದ್ದೆ. ಕಾರು ತಿರುವು ದಾಟಿದ ಮೇಲೆ, ನಿನಗೆ ಕಾಣದ ಹಾಗೆ."